ಕೊಲಂಬಸ್‌ಗೆ ಬರುವ ಕನ್ನಡಿಗರಿಗೆ: ಸಣ್ಣ ಊರಿನಲ್ಲಿ ನೆಲೆಯೂರುವ ಬಗೆ

ಇಂಡಿಯಾನಾ ರಾಜ್ಯದ ಕೊಲಂಬಸ್‌ಗೆ ಕೆಲಸದ ಮೇಲೆ ಹೊರಟಿರುವ ಕನ್ನಡ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓಹಾಯೊ ರಾಜ್ಯದ ದೊಡ್ಡ ಕೊಲಂಬಸ್ ಬೇರೆ, ಇದು ಬೇರೆ. ನಮ್ಮದು ಸುಮಾರು ಐವತ್ತು ಸಾವಿರ ಜನರ ಊರು. ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ, ಐ-65 ಹೆದ್ದಾರಿಯಲ್ಲಿ ಒಂದು ಗಂಟೆಯೊಳಗಿನ ದಾರಿ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರವೂ ಮುಸುಕಿನ ಜೋಳ ಮತ್ತು ಸೋಯಾ ಹೊಲಗಳು. 1919ರಲ್ಲಿ ಇಲ್ಲಿ ಆರಂಭವಾದ ಕಮಿನ್ಸ್ ಎಂಜಿನ್ ಕಂಪನಿಯೇ ಇಂದಿಗೂ ಊರಿನ ಜೀವಾಳ. ಅದೇ ಕಂಪನಿ 1962ರಲ್ಲಿ ಕಿರ್ಲೋಸ್ಕರ್ ಸಂಸ್ಥೆಯೊಡನೆ ಸೇರಿ ಪುಣೆಯಲ್ಲಿ ಕಾರ್ಖಾನೆ ತೆರೆದದ್ದರಿಂದ, ಇಲ್ಲಿನ ಭಾರತೀಯರಲ್ಲಿ ಪುಣೆಯ ದಾರಿಯಿಂದ ಬಂದವರು ಬಹಳ. ನಮ್ಮವರಲ್ಲಿಯೂ ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಕಡೆ ಓದಿ, ಪುಣೆಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ಇಲ್ಲಿಗೆ ಬಂದವರು ಸಿಗುತ್ತಾರೆ.

ಕಾಗದಪತ್ರಗಳ ಕೆಲಸ ದೊಡ್ಡದೇನಲ್ಲ: ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಬ್ಯಾಂಕ್ ಖಾತೆ, ಮನೆ ಬಾಡಿಗೆಯ ಕರಾರು, ಮಕ್ಕಳ ಲಸಿಕೆಯ ದಾಖಲೆ, ಇವೆಲ್ಲ ಒಂದೊಂದಾಗಿ ಮಾಡಿಸಿದರೆ ಆಗುತ್ತವೆ, ನೆಲೆಸಿದ 60 ದಿನಗಳೊಳಗೆ ಇಂಡಿಯಾನಾದ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳಬೇಕು, ಅಷ್ಟೆ.

ಲೈಸೆನ್ಸ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಈ ಊರಿನಲ್ಲಿ ಸಂಸಾರಗಳು ನೊಂದಿರುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇದರಲ್ಲಿಯೇ. ಗಂಡ ಕಾರು ತೆಗೆದುಕೊಂಡು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ. ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದ ಹೆಂಡತಿ, ಊರಲ್ಲಿ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕೆಲಸ ಮಾಡುತ್ತಿದ್ದವರು, ಕೆಲಸದ ಪರವಾನಗಿಯಿಲ್ಲದೆ, ಸರಿಯಾದ ಬಸ್ಸಿನ ಅನುಕೂಲವಿಲ್ಲದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಕಿಟಕಿಯಾಚೆಯ ಖಾಲಿ ಬೀದಿಯನ್ನು ನೋಡುತ್ತ ದಿನ ಕಳೆಯುತ್ತಾರೆ. ಬೆಂಗಳೂರಿನಲ್ಲಾದರೆ ಆಟೋ ಹಿಡಿದು ಗಾಂಧಿ ಬಜಾರಿಗೆ ಹೋಗಿಬಂದರೂ ಮನಸ್ಸು ಹಗುರವಾಗುತ್ತಿತ್ತು. ಇಲ್ಲಿ ಕಾರು ಓಡಿಸಲು ಬಾರದವರಿಗೆ ಮನೆಯೇ ಸೆರೆ. ಆದ್ದರಿಂದ ಸೋಫಾ, ಟಿವಿ ಕೊಳ್ಳುವ ಮೊದಲು ಇಬ್ಬರೂ ಡ್ರೈವಿಂಗ್ ಕಲಿಯಿರಿ, ಹಳೆಯದಾದರೂ ಸರಿ ಎರಡನೆಯ ಕಾರು ತೆಗೆದುಕೊಳ್ಳಿ. ಆ ಖರ್ಚು ಆಡಂಬರದ್ದಲ್ಲ. ಒಬ್ಬ ಮನುಷ್ಯರ ಆತ್ಮಗೌರವ ಅದರ ಮೇಲೆ ನಿಂತಿದೆ.

ಮನೆ ಕೊಳ್ಳುವುದನ್ನು ಅವಸರದಲ್ಲಿ ಮಾಡಬೇಡಿ. ದೊಡ್ಡ ನಗರಗಳ ಬೆಲೆಗೆ ಹೋಲಿಸಿದರೆ ಇಲ್ಲಿನ ಬೆಲೆ ಕಡಿಮೆ ಎನ್ನಿಸುವುದರಿಂದ ಬಂದ ವರ್ಷವೇ ಸಾಲ ಮಾಡುವ ಆಸೆ ಹುಟ್ಟುತ್ತದೆ. ಆದರೆ ಇದು ಬಹುಮಟ್ಟಿಗೆ ಒಂದೇ ಕಂಪನಿಯನ್ನು ನೆಚ್ಚಿಕೊಂಡ ಊರು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವ ಅವಕಾಶ ಹೆಚ್ಚೆಂದರೆ 60 ದಿನ, ಮತ್ತು ಆ ಬೇರೆ ಕೆಲಸ ಈ ಊರಲ್ಲಿಯೇ ಸಿಗುವ ಸಾಧ್ಯತೆ ದೊಡ್ಡ ನಗರದಷ್ಟಿರುವುದಿಲ್ಲ. ಇನ್ನೊಂದು ಮಾತು ನೀರಿನದು. ಊರಿನ ಅಂಚಿನಲ್ಲಿ ಎರಡು ನದಿಗಳು ಕೂಡುತ್ತವೆ. ಊರೊಳಗೆ ಹರಿಯುವ ಹಾ ಕ್ರೀಕ್ ಎಂಬ ಹಳ್ಳ ಬೇಸಿಗೆಯಲ್ಲಿ ಪಾದ ಮುಳುಗುವಷ್ಟೇ ಕಾಣುತ್ತದೆ. 2008ರ ಜೂನ್ ತಿಂಗಳಲ್ಲಿ ಅದೇ ಹಳ್ಳ ಉಕ್ಕಿ ಊರಿನ ಆಸ್ಪತ್ರೆಗೆ ನುಗ್ಗಿ, ರೋಗಿಗಳನ್ನೆಲ್ಲ ಬೇರೆಡೆಗೆ ಸಾಗಿಸಬೇಕಾಯಿತು, ಆಸ್ಪತ್ರೆ ತಿಂಗಳುಗಟ್ಟಲೆ ಮುಚ್ಚಿತ್ತು. ಬಾಡಿಗೆಗಾದರೂ ಕ್ರಯಕ್ಕಾದರೂ ಪ್ರವಾಹದ ನಕ್ಷೆಯನ್ನು ನೋಡಿಯೇ ಮನೆ ಆರಿಸಿ.

ಅಡುಗೆಮನೆಯ ಚಿಂತೆ ಅಷ್ಟಾಗಿ ಬೇಡ. ಸೋನಾಮಸೂರಿ, ರಾಗಿಹಿಟ್ಟು, ಬ್ಯಾಡಗಿ ಮೆಣಸಿನಕಾಯಿಗಾಗಿ ತಿಂಗಳಿಗೊಮ್ಮೆ ಇಂಡಿಯಾನಾಪೊಲಿಸ್‌ಗೆ ಹೋಗಿಬಂದರೆ ಸಾಕು. ಅವರೆಕಾಳು ಬೇಕೆನ್ನುವವರು ಫ್ರೀಜರ್‌ನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಎಂಬ ಗುಜರಾತಿ ಹೆಸರಿನ ಪೊಟ್ಟಣವನ್ನು ಹುಡುಕಿ. ಸೊಗಡು ನಮ್ಮ ಮಾಗಿಕಾಲದ ಅವರೆಯದಲ್ಲ, ಆದರೆ ಉಪ್ಪಿಟ್ಟಿಗೂ ಹುಳಿಗೂ ಒದಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆಯೇ ಇದೆ. ಇಲ್ಲಿಗೆ ಬಂದ ಅನೇಕ ಕುಟುಂಬಗಳು ವಾರದ ಐದು ದಿನ ಈ ಊರಿನಲ್ಲಿ ಮಲಗಿ ಎದ್ದು, ಶನಿವಾರ ಭಾನುವಾರಗಳನ್ನು ಇಂಡಿಯಾನಾಪೊಲಿಸ್‌ನ ದೇವಸ್ಥಾನ, ಷಿಕಾಗೋದ ಗೆಳೆಯರ ಮನೆ ಎಂದು ಹೊರಗೇ ಕಳೆಯುತ್ತವೆ. ಡಲ್ಲಾಸ್‌ಗೋ ನ್ಯೂಜೆರ್ಸಿಗೋ ವರ್ಗವಾದ ಮೇಲೆ ನಿಜವಾದ ಬದುಕು ಶುರುವಾಗುತ್ತದೆಂದು ಕಾಯುತ್ತಾರೆ. ಕಾಯುತ್ತಿರುವಾಗಲೇ ಮಕ್ಕಳು ಮಿಡ್ಲ್ ಸ್ಕೂಲ್ ಮುಗಿಸಿರುತ್ತಾರೆ. ಆ ಮಕ್ಕಳಿಗೆ ಈ ಊರೇ ಹುಟ್ಟೂರು. ತಂದೆತಾಯಿ ತಂಗುದಾಣವೆಂದು ಬಗೆದ ಜಾಗದಲ್ಲಿ ಅವರ ಬಾಲ್ಯವೆಲ್ಲ ಕಳೆದಿರುತ್ತದೆ. ಹೆತ್ತವರ ಕಾಲು ಎಲ್ಲಿಯೂ ಊರದಿದ್ದರೆ ಮಕ್ಕಳ ಮನಸ್ಸಿನಲ್ಲಿಯೂ ಒಂದು ಅಳುಕು ಉಳಿದುಬಿಡುತ್ತದೆ ಎಂಬುದನ್ನು ಇಲ್ಲಿ ಬೆಳೆದ ಮಕ್ಕಳ ಬಾಯಿಂದಲೇ ಕೇಳಿದ್ದೇನೆ.

ಈ ಊರು ಹಾಗೆ ಕಡೆಗಣಿಸುವಂಥದ್ದೂ ಅಲ್ಲ. ಕಮಿನ್ಸ್ ಕಂಪನಿಯನ್ನು ಬೆಳೆಸಿದ ಜೆ. ಇರ್ವಿನ್ ಮಿಲ್ಲರ್ ಅವರ ಕಾಲದಲ್ಲಿ, 1950ರ ದಶಕದಲ್ಲಿ, ಸಾರ್ವಜನಿಕ ಶಾಲೆಗಳಿಗೆ ಹೆಸರಾಂತ ವಾಸ್ತುಶಿಲ್ಪಿಗಳನ್ನು ಕರೆಸಿದರೆ ಅವರ ಶುಲ್ಕವನ್ನು ಕಂಪನಿಯ ಪ್ರತಿಷ್ಠಾನವೇ ಭರಿಸುವ ಏರ್ಪಾಡು ಮೊದಲಾಯಿತು. ಅದರಿಂದಾಗಿ ಕೂಲಿಯವರ ಮಗುವೂ ಮ್ಯಾನೇಜರ್ ಮಗುವೂ ಒಂದೇ ಸುಂದರ ಕಟ್ಟಡದಲ್ಲಿ ಕುಳಿತು ಓದುವಂತಾಯಿತು. ಐದನೆಯ ಬೀದಿಯ ಗ್ರಂಥಾಲಯವನ್ನು 1969ರಲ್ಲಿ ಐ. ಎಂ. ಪೇ ಕಟ್ಟಿದರು. ಅದರ ಮುಂದಿನ ಇಟ್ಟಿಗೆ ಹಾಸಿನ ಅಂಗಳದಲ್ಲಿ ಶಿಲ್ಪಿ ಹೆನ್ರಿ ಮೂರ್ ಅವರ ಹಸಿರುಗಟ್ಟಿದ ಕಂಚಿನ ದೊಡ್ಡ ಕಮಾನಿದೆ. ಮಕ್ಕಳು ಅದರ ಕಾಲುಗಳ ನಡುವೆ ನುಸುಳಿ ಓಡುತ್ತಾರೆ, ಬಿಸಿಲಿನಲ್ಲಿ ಅಂಗೈಯಿಟ್ಟರೆ ಬೆಚ್ಚಗಿರುತ್ತದೆ, ಯಾರೂ ಗದರುವುದಿಲ್ಲ. ರಸ್ತೆಯಾಚೆ ಎಲಿಯೆಲ್ ಸಾರಿನೆನ್ 1942ರಲ್ಲಿ ಕಟ್ಟಿದ ಚರ್ಚು. ಚಳಿಗಾಲದಲ್ಲಿ ಪುಟ್ಟ ಮಕ್ಕಳನ್ನು ಕರೆದೊಯ್ಯಲು ವಾಷಿಂಗ್ಟನ್ ಬೀದಿಯಲ್ಲಿ ಕಾಮನ್ಸ್ ಎಂಬ ಸಾರ್ವಜನಿಕ ಕಟ್ಟಡವಿದೆ. ಅದರೊಳಗಿನ ಆಟದ ಅಂಗಳಕ್ಕೆ ದುಡ್ಡು ಕೊಡಬೇಕಿಲ್ಲ. ಹೊಸ ತಾಯಂದಿರಿಗೆ ಮೊದಲ ಸ್ನೇಹ ಸಿಗುವುದು ಹೆಚ್ಚಾಗಿ ಅಲ್ಲಿಯೇ. ಗ್ರಂಥಾಲಯದಲ್ಲಿ ಸ್ವಯಂಸೇವೆಗೆ ಹೆಸರು ಕೊಡಿ, ಶಾಲೆಯ ಸಭೆಗಳಿಗೆ ಹೋಗಿ, ಅಕ್ಕಪಕ್ಕದ ಮನೆಯವರನ್ನು ದೀಪಾವಳಿಗೆ ಕರೆಯಿರಿ. ಸಣ್ಣ ಊರಿನವರು ತಾವಾಗಿ ಬಂದು ಬಾಗಿಲು ತಟ್ಟುವುದು ಕಡಿಮೆ. ಆದರೆ ಒಮ್ಮೆ ಪರಿಚಯವಾದರೆ ಹಿಮ ಬಿದ್ದ ಮುಂಜಾನೆ ನಿಮ್ಮ ಮನೆಯ ಮುಂದಿನ ಹಿಮವನ್ನೂ ತಮ್ಮದರ ಜೊತೆಯಲ್ಲಿಯೇ ತೆಗೆದು, ಹೇಳದೆ ಹೋಗುವಂಥವರು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆ. ದೊಡ್ಡ ನಗರದಲ್ಲಿ ಮಗುವಿನ ಕಿವಿಗೆ ಕನ್ನಡ ಹತ್ತು ಬಾಯಿಗಳಿಂದ ಬೀಳುತ್ತದೆ. ಇಲ್ಲಿ ಬೀಳುವುದು ಎರಡೇ ಬಾಯಿಗಳಿಂದ, ಆ ಎರಡೂ ಸಂಜೆಯ ಹೊತ್ತಿಗೆ ದಣಿದಿರುತ್ತವೆ. ಭಾದ್ರಪದ ಬಂದಾಗ ಮರಾಠಿ ಬಂಧುಗಳು ಪ್ರೀತಿಯಿಂದ ಕರೆದು, ಗಣಪತಿಯ ಪಕ್ಕದಲ್ಲಿ ನಮ್ಮ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ಮಕ್ಕಳು ಮರಾಠಿ ಆರತಿಯನ್ನು ಕಂಠಪಾಠ ಹೇಳುತ್ತಾರೆ, ದಾಸರ ಪದ ಒಂದೂ ಬಾರದು. ಆ ಸಂಭ್ರಮಕ್ಕೆ ನಾನು ಋಣಿ, ಅದೇ ಹೊತ್ತಿಗೆ ಕರುಳು ಚುರುಕ್ಕೆನ್ನುವುದೂ ನಿಜ. ವಾರಕ್ಕೊಮ್ಮೆ ಆನ್‌ಲೈನ್ ತರಗತಿಯಲ್ಲಿ ಅಕ್ಷರ ಕಲಿಯಬಹುದು; ಮಾತು ಬರುವುದು ಮನೆಯಲ್ಲಿಯೇ. ಗಂಡಹೆಂಡಿರು ತಮ್ಮ ತಮ್ಮಲ್ಲಿ ಇಂಗ್ಲಿಷಿಗೆ ಜಾರದಿರುವುದು, ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಬೇಸರಿಸದೆ ಕನ್ನಡದಲ್ಲಿಯೇ ಮಾತು ಮುಂದುವರಿಸುವುದು, ದಿನಕ್ಕೊಮ್ಮೆ ಊರಿಗೆ ಕರೆ ಮಾಡುವುದು, ಇವು ಬಿಡಬಾರದ ಕೆಲಸಗಳು. ಇಲ್ಲಿ ಬೆಳಿಗ್ಗೆ ಎಂಟಾದಾಗ ಊರಿನಲ್ಲಿ ಬೇಸಿಗೆಯಾದರೆ ಸಂಜೆ ಐದೂವರೆ, ಚಳಿಗಾಲವಾದರೆ ಆರೂವರೆ. ರಜೆಯ ದಿನಗಳಲ್ಲಿ ಅಜ್ಜಿ ಕಾಫಿ ಕುಡಿದು ಕುಳಿತಿರುವ ಆ ಹೊತ್ತು ಮಾತಿಗೆ ಚೆನ್ನಾಗಿ ಒಗ್ಗುತ್ತದೆ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಾದರೆ ಏಪ್ರಿಲ್ ಕೊನೆಗೆ ಬಂದು ಅಕ್ಟೋಬರ್ ಮುಗಿಯುವಷ್ಟರಲ್ಲಿ ಹೊರಡುವಂತೆ ಟಿಕೆಟ್ ತೆಗೆಯಿರಿ. ನಡೆದಾಡಲು ಆಗದ ತಿಂಗಳುಗಳಲ್ಲಿ ವಯಸ್ಸಾದವರು ಇಲ್ಲಿ ಬಹಳ ಕುಗ್ಗುತ್ತಾರೆ. ಪ್ರಯಾಣಿಕರ ಆರೋಗ್ಯವಿಮೆಯನ್ನು ಅಲ್ಲಿಂದ ಹೊರಡುವ ಮೊದಲೇ ಮಾಡಿಸಿ. ಮೂರು ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಅಜ್ಜಿತಾತ ಒಂದು ಬೇಸಿಗೆ ಇದ್ದು ಹೋದರೆ, ಅವರು ಹೋದ ಮೇಲೂ ಮಗು ಕನ್ನಡದಲ್ಲಿಯೇ ಹಟ ಮಾಡುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಅಷ್ಟು ಸಲೀಸಾಗಿ ಆಗುವುದಿಲ್ಲ. ಸ್ವಂತ ಮನೆಯಾಗಲಿ, ಗ್ರೀನ್ ಕಾರ್ಡ್ ಬರಲಿ ಎಂದು ಅವರ ಬರುವಿಕೆಯನ್ನು ಮುಂದೂಡಬೇಡಿ. ಎರಡು ಕೋಣೆಯ ಬಾಡಿಗೆ ಮನೆಯಾದರೂ ಸರಿಯೇ, ಮೊದಲ ಬೇಸಿಗೆಗೇ ಕರೆಸಿಕೊಳ್ಳಿ.