ಪಾಯಿಂಟ್ 32 ರಿವಾಲ್ವರ್ ಕಲಿಕೆ: ಯಾರ ಮಾತು ಇಟ್ಟುಕೊಂಡೆ, ಯಾವುದು ಬಿಟ್ಟೆ

ಕಾಸರಗೋಡಿನ ತೋಟದ ಮನೆಗಳಲ್ಲಿ ಕೋವಿ ಹೊಸತಲ್ಲ. ಆದರೆ ಹಂದಿಗೆಂದು ತೋಟೆ ಕೋವಿ ಹಿಡಿದು ಪಳಗಿದ ಕೈ ರಿವಾಲ್ವರಿನಲ್ಲಿ ಸೋಲುತ್ತದೆ. ಇಲ್ಲಿ ಹೆಗಲಿನ ಆಧಾರವಿಲ್ಲ. ರಿವಾಲ್ವರಿನ ಮೇಲಿನ ಹಿಂದಿನ ಗುರಿಗೂ (ಕಣ್ಣಿನ ಕಡೆಯ ಕಚ್ಚು) ಮುಂದಿನ ಗುರಿಗೂ (ನಳಿಗೆಯ ತುದಿಯ ಸಣ್ಣ ಏಣು) 12 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ, ಮುಂದಿನದು ಒಂದೇ ಮಿಲಿಮೀಟರ್ ಸರಿದರೂ 7 ಮೀಟರಿನಲ್ಲಿ ಗುಂಡು ಸುಮಾರು 6 ಸೆಂ.ಮೀ. ಆಚೆ ಬೀಳುತ್ತದೆ.

ಕಲಿಸುವವರಲ್ಲಿ ನಿವೃತ್ತ ಪೊಲೀಸರು, ಸೈನ್ಯದಿಂದ ಬಂದವರು, ಸ್ಪರ್ಧೆಯ ಶೂಟರ್‌ಗಳು ಇದ್ದಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಆಗದು. ನಿಲ್ಲುವ ಭಂಗಿಯ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಓರೆಯಾಗಿ ನಿಂತು ಬಲಗೈ ತಳ್ಳಿ ಎಡಗೈ ಎಳೆಯುವುದು ಅಮೆರಿಕದ ಜ್ಯಾಕ್ ವೀವರ್ 1950ರ ದಶಕದಲ್ಲಿ ಬಳಕೆಗೆ ತಂದ ಕ್ರಮ. ಎದುರಿಗೆ ನೇರ ನಿಂತು ಎರಡೂ ಕೈ ಚಾಚುವುದು ಇನ್ನೊಂದು. ಬೆದರಿದಾಗ ದೇಹ ತಾನಾಗಿ ಅಪಾಯದ ಕಡೆ ನೇರ ತಿರುಗುತ್ತದೆ. ಹಾಗಾಗಿ ನನ್ನದು ಎರಡನೆಯದು.

ಹೆಬ್ಬೆರಳಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಪಿಸ್ತೂಲಿನಲ್ಲಿ ಪಳಗಿದವರು ಎರಡೂ ಹೆಬ್ಬೆರಳು ಮುಂದಕ್ಕೆ ಚಾಚಿ ಎನ್ನುತ್ತಾರೆ. ಪಿಸ್ತೂಲಿಗೆ ಅದು ಸರಿ. ರಿವಾಲ್ವರಿನಲ್ಲಿ ತೋಟೆ ಕೂರುವ, ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದ ಬಿಸಿ ಅನಿಲ ಬದಿಗೆ ಚಿಮ್ಮುತ್ತದೆ. ಬೆರಳು ಅಲ್ಲಿದ್ದರೆ ಸುಡುತ್ತದೆ. ಎಡ ಹೆಬ್ಬೆರಳನ್ನು ಬಲದ್ದರ ಮೇಲೆ ಮಡಚಿ ಒತ್ತಿ. ರಿವಾಲ್ವರಿನಲ್ಲಿ ಹೆಬ್ಬೆರಳು ಹಿಡಿಯ ಹಿಂದೆ ಅಡ್ಡಬಂದರೂ ಕೇಡಿಲ್ಲ. ಪಿಸ್ತೂಲಿನಲ್ಲಿ ಹಾಗೆ ಹಿಡಿದರೆ ಹಿಂದೆ ಓಡಿಬರುವ ಸ್ಲೈಡ್ (ಪಿಸ್ತೂಲಿನ ಜಾರುವ ಮೇಲ್ಭಾಗ) ಚರ್ಮ ಸೀಳುತ್ತದೆ.

ನಿಜವಾಗಿ ಕೈ ತಿದ್ದಿದ್ದು ಟ್ರಿಗರ್. ಮೊದಲು ಹ್ಯಾಮರ್ (ತೋಟೆಗೆ ಬಡಿಯುವ ಹಿಂದಿನ ಸುತ್ತಿಗೆ) ಎತ್ತಿ ಹಗುರ ಎಳೆತದಲ್ಲಿ ಕಲಿಯಿರಿ ಎಂಬುದು ಒಂದು ಪಕ್ಷ. ಗುಂಡು ಚೆನ್ನಾಗಿ ಗುಂಪುಗೂಡುತ್ತದೆ, ಕಲಿಯುವವನಿಗೂ ಖುಷಿ. ಆದರೆ ಕತ್ತಲಲ್ಲಿ, ನಡುಗುವ ಕೈಯಲ್ಲಿ ಹ್ಯಾಮರ್ ಎತ್ತಿದ ರಿವಾಲ್ವರ್ ಇದ್ದರೆ ಬೆರಳು ತಾಗಿದ್ದೇ ಸಾಕು, ಗುಂಡು ಹೋಗುತ್ತದೆ. ಹಾರಿಸದೆ ಹ್ಯಾಮರ್ ಇಳಿಸುವುದು ಇನ್ನೂ ಅಪಾಯ. ಆದ್ದರಿಂದ ಮೊದಲ ದಿನದಿಂದಲೇ ಡಬಲ್ ಆಕ್ಷನ್, ಅಂದರೆ ಒಂದೇ ಉದ್ದ ಎಳೆತ.

ಇದನ್ನು ಕಲಿಯುವುದು ಗುಂಡಿಲ್ಲದೆ. ತೋಟೆಗಳನ್ನೆಲ್ಲ ತೆಗೆದು, ಎಣಿಸಿ, ಬೇರೆ ಕೋಣೆಯಲ್ಲಿ ಬೀಗ ಹಾಕುತ್ತೇನೆ. ಸಿಲಿಂಡರಿನ ಆರು ಗೂಡುಗಳನ್ನೂ ನೋಡಿದರೆ ಸಾಲದು, ಬೆರಳಿಟ್ಟು ತಡವಬೇಕು. ಹಾರಿಸಿದ ಖಾಲಿ ತೋಟೆಗಳ ತಳಕ್ಕೆ ಕೆಂಪು ನೇಲ್ ಪಾಲಿಶ್ ಬಳಿದು ತುಂಬುತ್ತೇನೆ. ಬಣ್ಣವಿಲ್ಲದ್ದು ಒಂದು ಕಂಡರೂ ಅಭ್ಯಾಸ ನಿಂತಿತು. ಕಲ್ಲು ತುಂಬಿದ ದಪ್ಪ ಗೋಡೆಗೆ ಗುರಿಯಿಟ್ಟು, ಮುಂದಿನ ಗುರಿಯ ಹಿಂದೆ ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಎಳೆಯುವುದು. ಹ್ಯಾಮರ್ ಬಿದ್ದರೂ ನಾಣ್ಯ ಬೀಳಬಾರದು. ದಿನಕ್ಕೆ 25 ಎಳೆತ ಸಾಕು. ಬೆರಳು ಸೋತ ಮೇಲೆ ತಪ್ಪೇ ರೂಢಿಯಾಗುತ್ತದೆ. ಮುಗಿಸಿದಾಗ "ಅಭ್ಯಾಸ ಮುಗಿಯಿತು" ಎಂದು ಗಟ್ಟಿಯಾಗಿ ಹೇಳಿ ಒಳಗಿಡಿ. ತೋಟೆ ತುಂಬಿದ ಮೇಲೆ "ಇನ್ನೊಂದೇ ಸಲ" ಎಂದು ಎಳೆದಾಗಲೇ ಗೋಡೆಗೆ ತೂತು ಬೀಳುವುದು.

ರೇಂಜಿನಲ್ಲಿ ಬಲಗೈಯವರ ಗುಂಡು ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರೆ ಗುರಿಯನ್ನು ದೂರಬೇಡಿ. ಸದ್ದಿಗೆ ಮೊದಲೇ ಇಡೀ ಮುಷ್ಟಿ ಬಿಗಿಯುತ್ತಿದೆ ಎಂದರ್ಥ. ಇನ್ನೊಬ್ಬರ ಕೈಯಲ್ಲಿ ಎರಡು ಜೀವಂತ ತೋಟೆ, ನಾಲ್ಕು ಖಾಲಿ ಬೆರೆಸಿ ತುಂಬಿಸಿ. ಖಾಲಿಯ ಮೇಲೆ ಹ್ಯಾಮರ್ ಬಿದ್ದಾಗ ನಳಿಗೆ ತಗ್ಗುವುದು ಕಣ್ಣಿಗೇ ಕಾಣುತ್ತದೆ. ದುಬಾರಿ ತೋಟೆಯನ್ನು ಇದಕ್ಕಿಂತ ಚೆನ್ನಾಗಿ ಖರ್ಚು ಮಾಡುವ ದಾರಿ ನನಗೆ ಗೊತ್ತಿಲ್ಲ. ನನ್ನ ಅಳತೆ ಅರ್ಧ ಮಡಚಿದ ಎ4 ಹಾಳೆ, 7 ಮೀಟರ್, ಆರಕ್ಕೆ ಆರು. ಅದಾದ ಮೇಲೆಯೇ ವೇಗ. ಗುರಿ ನೋಡದೆ ಬೆರಳು ತೋರಿದಂತೆ ಹೊಡೆಯಿರಿ ಎನ್ನುವವರ ಮಾತು 3 ಮೀಟರಿನೊಳಗೆ ನಡೆಯುತ್ತದೆ, ಅದರಾಚೆ ಮುಂದಿನ ಗುರಿ ಕಾಣಲೇಬೇಕು. ಕನ್ನಡ, ತುಳು, ಮಲಯಾಳ ಬೆರೆತ ಗುಂಪಿನಲ್ಲಿ ನಿಲ್ಲಿಸಲು ಎಲ್ಲರಿಗೂ ಒಂದೇ ಪದ ಇರಲಿ: ಸ್ಟಾಪ್.

ಸದ್ದು "ಟಪ್" ಎಂದು ಸಣ್ಣದಾಗಿ ಬಂದು ಕೈಗೆ ಒದೆತ ತಾಗದಿದ್ದರೆ ಮತ್ತೆ ಎಳೆಯಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಮುಂದಿನದು ನಳಿಗೆಯನ್ನೇ ಒಡೆಯುತ್ತದೆ.

ಕಾನೂನನ್ನು ಅಭ್ಯಾಸದಿಂದ ಬೇರೆಯಿಡುವ ತರಬೇತುದಾರರನ್ನು ನಾನು ಒಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ, ಜೀವ ಮತ್ತು ಸ್ವತ್ತು ಕಾಪಾಡಿಕೊಳ್ಳುವ ಹಕ್ಕಿನ ಕಲಮುಗಳನ್ನು ಓದಿಯೇ ಟ್ರಿಗರ್ ಮುಟ್ಟಬೇಕು. ರಕ್ಷಣೆಗೆ ಬೇಕಾದಷ್ಟೇ ಬಲ, ಪೊಲೀಸರನ್ನು ಕರೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಅಂಗಳದಿಂದ ಅಡಿಕೆ ಗೋಣಿ ಹೊತ್ತು ಓಡುವವನ ಬೆನ್ನಿಗೆ ಗುಂಡು ಹಾರಿಸುವಂತಿಲ್ಲ. ಹಾಗಾಗಿ ಎತ್ತಿ, ಗುರಿ ಹಿಡಿದು, ಹಾರಿಸದೆ ಇಳಿಸುವುದನ್ನೂ ಪ್ರತಿ ಸರದಿಯಲ್ಲಿ ಸೇರಿಸುತ್ತೇನೆ.

ಕೊನೆಗೆ ಖಾಲಿ ಮಾಡುವ ಕ್ರಮ. ನಡುವೆ ಮಡಚುವ ರಿವಾಲ್ವರ್ ತೋಟೆ ಕೋವಿಯಂತೆಯೇ ತೆರೆಯುತ್ತದೆ. ನಿಧಾನ ತೆರೆದರೆ ಒಂದು ಖಾಲಿ ತೋಟೆ ಖಾಲಿ ತೋಟೆಗಳನ್ನು ಹೊರಗೆತ್ತುವ ನಕ್ಷತ್ರದಾಕಾರದ ಭಾಗದ ಅಡಿ ಸಿಕ್ಕಿ ಸಿಲಿಂಡರ್ ಮುಚ್ಚದು. ಬದಿಗೆ ಓರೆ ಮಾಡಿ ಒಂದೇ ಬಾರಿಗೆ ಪೂರ್ತಿ ತೆರೆಯಿರಿ. ಆ ನಕ್ಷತ್ರದ ಅಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನಾಲ್ಕು ಕಾಳು ಮದ್ದು ಸಾಕು ತಿರುಗದಂತೆ ಮಾಡಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಗಲಿನ ಚೀಲದಲ್ಲಿ ಇಡಬೇಡಿ, ಅದು ನೀರು ಹಿಡಿದು ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು ತರುತ್ತದೆ. ತೆಂಗಿನೆಣ್ಣೆ ಹಚ್ಚಬೇಡಿ, ಅಂಟಾಗುತ್ತದೆ. ತೆಳುವಾದ ಗನ್ ಆಯಿಲ್ ಎರಡು ಹನಿ, ಒಣ ಬಟ್ಟೆಯಲ್ಲಿ ಒರೆಸಿ, ಬೀಗದೊಳಗೆ.