ಕೋರಿ ಕ್ಯಾಟ್‌ಫಿಶ್ ಮನೆಯಲ್ಲೇ ಮರಿ ಮಾಡಿದ್ದು: ನನ್ನ ಅನುಭವ

ಕ್ಯಾಟ್‌ಫಿಶ್ ಅಂದ ತಕ್ಷಣ ನಮ್ಮಲ್ಲಿ ತುಂಬ ಜನಕ್ಕೆ ನೆನಪಾಗುವುದು ಸಾಕುವುದಕ್ಕೆ ನಿಷೇಧ ಇರುವ ಆಫ್ರಿಕನ್ ಕ್ಯಾಟ್‌ಫಿಶ್. ನಾನು ಹೇಳುತ್ತಿರುವುದು ಅದಲ್ಲ. ದಕ್ಷಿಣ ಅಮೆರಿಕ ಮೂಲದ, ಎರಡೂವರೆ ಇಂಚಿನ ಆಸುಪಾಸಿನ, ಮೀಸೆಯಿಂದ ಮರಳು ಕೆದಕುತ್ತಾ ತಳದಲ್ಲಿ ಗುಂಪಾಗಿ ಓಡಾಡುವ ಬ್ರಾಂಜ್ ಕೋರಿ. ಅಂಗಡಿಗಳಲ್ಲಿ ಸಿಗುವ ಬಿಳಿ ಮೈ, ಕೆಂಪು ಕಣ್ಣಿನ ಅಲ್ಬಿನೊ ಕೂಡ ಹೆಚ್ಚಾಗಿ ಇದೇ ಜಾತಿ.

ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇವು ಮೊಟ್ಟೆ ಇಡೋದು ಯಾವಾಗ? ಅಂಗಡಿಯಿಂದ ತರುವಾಗ ಕೋರಿಗಳು ಸುಮಾರು ಒಂದು ಇಂಚು ಇರುತ್ತವೆ. ಅವು ಇನ್ನೂ ಮಕ್ಕಳು. ಚೆನ್ನಾಗಿ ಮೇವು ಹಾಕಿ ಸಾಕಿದರೆ ಎಂಟು ತಿಂಗಳಿಂದ ಒಂದು ವರ್ಷದೊಳಗೆ ಪ್ರಾಯಕ್ಕೆ ಬರುತ್ತವೆ. ಹೆಣ್ಣಿಗೆ ಇನ್ನೂ ಸ್ವಲ್ಪ ಜಾಸ್ತಿ ಸಮಯ ಹಿಡಿಯಬಹುದು. ಗಂಡು ಹೆಣ್ಣು ಗೊತ್ತಾಗಬೇಕಾದರೆ ಗಾಜಿನ ಪಕ್ಕದಿಂದ ನೋಡಬೇಡಿ, ಮೇಲಿನಿಂದ ನೋಡಿ. ಹೆಣ್ಣಿನ ಹೊಟ್ಟೆ ಎರಡೂ ಪಕ್ಕ ಉಬ್ಬಿರುತ್ತದೆ, ಗಂಡು ಸಪೂರ. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಒಳ್ಳೆಯದು.

ಇವುಗಳ ಊರಲ್ಲಿ ಮಳೆಗಾಲ ಬಂದು ಹೊಳೆ ನೀರು ತಂಪಾದಾಗ ಮೊಟ್ಟೆಯ ಕಾಲ ಶುರುವಾಗುತ್ತದೆ. ನಾನು ಮಾಡುವುದು ಅದರದ್ದೇ ನಕಲು. ಕೆಲವು ವಾರ ಫ್ರೋಜನ್ ಬ್ಲಡ್‌ವರ್ಮ್ (ಮೀನಿನ ಮೇವಿಗೆಂದು ಹೆಪ್ಪುಗಟ್ಟಿಸಿದ ಕೆಂಪು ಹುಳು) ಧಾರಾಳವಾಗಿ ಹಾಕುತ್ತೇನೆ. ಆಮೇಲೆ ಒಂದು ಸಂಜೆ ಮೂರನೇ ಒಂದು ಭಾಗ ನೀರು ತೆಗೆದು, ಟ್ಯಾಂಕಿಗಿಂತ ಮೂರು ನಾಲ್ಕು ಡಿಗ್ರಿ ತಂಪಾದ, ಕ್ಲೋರಿನ್ ಹೋಗಿಸಿದ ನೀರು ನಿಧಾನವಾಗಿ ಬಿಡುತ್ತೇನೆ. ಬೆಂಗಳೂರಿನ ಮೊದಲ ಮಳೆಗಳ ಹೊತ್ತಿಗೆ ಇದು ಇನ್ನೂ ಸುಲಭ. ಒಮ್ಮೆಗೇ ಆಗದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಮಾಡುತ್ತೇನೆ, ಅಷ್ಟೇ.

ಮೊಟ್ಟೆ ಇಡುವುದನ್ನು ನೋಡಬೇಕು! ಗಂಡುಗಳು ಹೆಣ್ಣಿನ ಬೆನ್ನು ಬಿಡದೆ ಅಲೆಯುತ್ತವೆ. ಹೆಣ್ಣು ಒಂದು ಗಂಡಿನ ಹೊಟ್ಟೆಗೆ ಬಾಯಿ ಒತ್ತಿ ನಿಲ್ಲುತ್ತದೆ, ಎರಡೂ ಸೇರಿ ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ಕಾಣುತ್ತವೆ. ಅಷ್ಟರಲ್ಲಿ ಹೆಣ್ಣು ಹೊಟ್ಟೆಯಡಿಯ ಎರಡು ರೆಕ್ಕೆ ಜೋಡಿಸಿ ಬೊಗಸೆ ಮಾಡಿ ಎರಡು ಮೂರು ಮೊಟ್ಟೆ ಹಿಡಿದಿರುತ್ತದೆ. ಗಾಜಿನ ಬಳಿ ಹೋಗಿ, ಬಾಯಿಂದ ಒಂದು ಜಾಗ ಉಜ್ಜಿ, ಹೊಟ್ಟೆ ಒತ್ತಿ ಅಲ್ಲಿ ಅಂಟಿಸುತ್ತದೆ. ಮತ್ತೆ ಗಂಡಿನ ಹತ್ತಿರ. ಗಂಟೆಗಟ್ಟಲೆ ಇದೇ ಓಡಾಟ. ಆ ಹೊತ್ತಲ್ಲಿ ನಾನು ಲೈಟ್ ಕೂಡ ಮುಟ್ಟುವುದಿಲ್ಲ.

ಮುಗಿದ ಮೇಲೆ ತಡ ಮಾಡಬಾರದು. ತಾಯಿ ತಂದೆಯೇ ಮೊಟ್ಟೆ ತಿಂದುಬಿಡುತ್ತವೆ. ಒಂದೆರಡು ಗಂಟೆಯಲ್ಲಿ ಮೊಟ್ಟೆ ಗಟ್ಟಿಯಾಗುತ್ತದೆ, ಆಗ ಬೆರಳಿನಿಂದ ಮೆಲ್ಲಗೆ ಉರುಳಿಸಿದರೆ ಬಿಟ್ಟುಕೊಳ್ಳುತ್ತದೆ. ಅದೇ ಟ್ಯಾಂಕಿನ ನೀರು ತುಂಬಿದ ಡಬ್ಬಿಗೆ ಹಾಕಿ, ಗಾಳಿಯ ಗುಳ್ಳೆ ಬಿಡುವ ಏರ್‌ಸ್ಟೋನ್ ಇಟ್ಟು, ಒಣಗಿದ ಕಾಡುಬಾದಾಮಿ ಎಲೆಯ ಒಂದು ತುಂಡು ಹಾಕುತ್ತೇನೆ. ಬೆಳ್ಳಗಾದ ಮೊಟ್ಟೆಗೆ ಬೂಷ್ಟು ಹಿಡಿಯುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಅದನ್ನು ಡ್ರಾಪರ್‌ನಿಂದ ದಿನಾ ತೆಗೆಯಬೇಕು.

ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ಎರಡು ದಿನ ಹೊಟ್ಟೆಗಂಟಿದ ಹಳದಿಯೇ ಅದರ ಊಟ, ಏನೂ ಹಾಕಬೇಡಿ. ಆಮೇಲೆ ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯ (ಸಿಗಡಿಯಂಥ ಪುಟ್ಟ ಜೀವಿ) ಇಲ್ಲವೇ ಮೈಕ್ರೋವರ್ಮ್ ಎಂಬ ಸಣ್ಣ ಹುಳು, ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. ಮರಿ ಸಾಯುವುದು ಹಸಿವಿನಷ್ಟೇ ಕೊಳಕಿನಿಂದ ಕೂಡ. ತಳದಲ್ಲೇ ಮಲಗುವ ಜೀವ ಅಲ್ವಾ, ಉಳಿದ ಮೇವು ಅಲ್ಲೇ ಕೊಳೆಯುತ್ತದೆ. ತೆಳು ಪೈಪಿನಿಂದ ತಳ ಎಳೆದು ತೆಗೆಯುವ ಕೆಲಸ ಒಂದು ದಿನವೂ ತಪ್ಪಬಾರದು.

ಒಂದು ಇಂಚು ಬೆಳೆದ ಮೇಲೆ ದೊಡ್ಡ ಟ್ಯಾಂಕಿಗೆ ಬಿಡುತ್ತೇನೆ. ಸಾಗಿಸಲು ಬಲೆ ಬೇಡ, ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಲೋಟ ಸಾಕು. ಯಾರಾದರೂ ಮರಿ ಕೇಳಿದರೆ ಆರಕ್ಕಿಂತ ಕಡಿಮೆ ಕೊಡುವುದಿಲ್ಲ. ಒಂಟಿ ಕೋರಿ ಮೂಲೆ ಹಿಡಿದು ಕೂರುತ್ತದೆ, ಅದನ್ನು ನೋಡೋಕಾಗಲ್ಲ.