ಹಾಡೋರ ಕಿವಿಗೆ ಲೇಟಾಗಿ ಬರೋ ದನಿ: ಒಂದು ಐಸಿ ಫಿಲ್ಟರ್ ಕಟ್ಟೋದು ಹೆಂಗೆ

ನಮ್ಮ ಹಳೇ ದಾವಣಗೆರೆ ಕಡೆ ಭಜನೆ ಸ್ಟೇಜ್ ಅಂದ್ರೆ ಡ್ರಮ್ಮಿನ ಮೇಲೆ ಹಾಸಿದ ಹಲಗೆ, ಒಬ್ರು ಎದ್ದು ನಡೆದ್ರೆ ಸಾಕು ಧುಮ್ ಧುಮ್ ಅಂತ ಮೈಕಿಗೆ ಹೋಗ್ತೈತೆ, ಅದರ ಮೇಲೆ ಟೇಬಲ್ ಫ್ಯಾನ್ ಗಾಳಿ ಬೇರೆ. ಹೋದ ಸಲ ಇದನ್ನ ತೆಗಿಯೋಣ ಅಂತ ಲ್ಯಾಪ್‌ಟಾಪಲ್ಲಿ ಫಿಲ್ಟರ್ ಹಾಕಿ ಅದೇ ಸೌಂಡನ್ನ ಹಾಡೋ ಅಣ್ಣನ ಇಯರ್‌ಫೋನಿಗೆ ಕೊಟ್ಟೆ. ಎರಡು ಸಾಲು ಹಾಡಿದ್ದೇ ಇಯರ್‌ಫೋನ್ ಕಿತ್ತು ಹಾರ್ಮೋನಿಯಂ ಮೇಲಿಟ್ಟ, "ಲೇ ತಮ್ಮ, ನನ್ ದನಿ ನನ್ ಬೆನ್ನ ಹಿಂದಿಂದ ಬರ್ತೈತಲ್ಲೋ" ಅಂದ.

ತಪ್ಪು ನಂದೇ. ಲ್ಯಾಪ್‌ಟಾಪು ಸೌಂಡನ್ನ ಸಣ್ಣ ಸಣ್ಣ ತುಣುಕು (ಸ್ಯಾಂಪಲ್) ಮಾಡಿ, ಒಂದಷ್ಟು ಕೂಡಿಟ್ಕಂಡು (ಅದೇ ಬಫರ್) ಆಮೇಲೆ ಕೆಲಸ ಮಾಡ್ತೈತೆ, ಆ ಬಫರ್ 1024 ಸ್ಯಾಂಪಲ್ ಇಟ್ಟಿದ್ದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಅಷ್ಟು ತುಂಬೋಕೇ 21 ಮಿಲಿಸೆಕೆಂಡ್, ಹೊರಗೆ ಬರೋಕೆ ಇನ್ನೊಂದು 21. ಗಾಳಿಯಲ್ಲಿ ಸೌಂಡು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗ್ತೈತೆ, ಅಂದ್ರೆ ಅಣ್ಣ ತನ್ನ ದನಿನ 14 ಮೀಟರ್ ಆಚೆಯಿಂದ ಕೇಳಿದಂಗಾತು. ಬಫರ್ 256ಕ್ಕೆ ಇಳಿಸಿದ್ರೂ ಹೋಗಿ ಬರೋಕೆ 10 ಮಿಲಿಸೆಕೆಂಡ್ ಮೇಲೆ, ಮತ್ತೆ ಹಾಡೋರಿಗೆ ತಮ್ಮ ದನಿ ತಲೆಬುರುಡೆ ಒಳಗಿಂದ ಮೊದಲೇ ಕೇಳಿರ್ತೈತಲ್ಲ, ಲೇಟಾಗಿ ಬಂದದ್ದು ಅದರ ಜೊತೆ ಸೇರಿ ಡಬ್ಬದಾಗೆ ಕೂತು ಹಾಡಿದಂಗೆ ಆಗ್ತೈತೆ.

ಅದಕ್ಕೆ ಈ ಅನಲಾಗ್ ಫಿಲ್ಟರ್, ಅಂದ್ರೆ ಸೌಂಡನ್ನ ತುಣುಕು ಮಾಡದೆ ವೈರಲ್ಲಿ ಹರಿಯೋವಾಗಲೇ ಕಡಿಯೋದು. 1955ರಲ್ಲಿ ಎಂಐಟಿಯ ಲಿಂಕನ್ ಲ್ಯಾಬಿನ ಸ್ಯಾಲೆನ್ ಮತ್ತೆ ಕೀ ಅನ್ನೋ ಇಬ್ರು ಬರೆದ ಸರ್ಕ್ಯೂಟು, ಇವತ್ತಿಗೂ ನಡೀತೈತೆ. ಬೇಕಾಗೋದು ಟಿಎಲ್072 ಐಸಿ ಒಂದು (ಒಳಗೆ ಎರಡು ಆಂಪ್ಲಿಫೈಯರ್ ಇರೋ ಚಿಪ್ಪು, ಬೆಣ್ಣೆ ದೋಸೆಗಿಂತ ಅಗ್ಗ), ಅದಕ್ಕೆ ಎಂಟು ಕಾಲಿನ ಸಾಕೆಟ್, 15ಕೆ ರೆಸಿಸ್ಟರ್ ಮೂರು, 100ಕೆ ಒಂದು, 100 ಓಮ್ ಒಂದು, 104 ಅಂತ ಬರೆದಿರೋ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ನಾಲ್ಕು, 9 ವೋಲ್ಟ್ ಬ್ಯಾಟರಿ ಎರಡು. ಸೌಂಡು ಹಾದು ಹೋಗೋ ಎರಡು ಕೆಪಾಸಿಟರ್ ಮಾತ್ರ ಪಾಲಿಯೆಸ್ಟರ್‌ದು ತಗಳ್ರಿ, ಸಿರಾಮಿಕ್ ಬ್ಯಾಡ.

ಮೊದಲು ಕರೆಂಟು. ಒಂದು ಬ್ಯಾಟರಿಯ ಪ್ಲಸ್ಸನ್ನ ಇನ್ನೊಂದರ ಮೈನಸ್ಸಿಗೆ ಸೇರಿಸ್ರಿ, ಆ ನಡುವಿನ ಜಾಯಿಂಟೇ ನಮ್ಮ ಗ್ರೌಂಡ್. ಉಳಿದ ಪ್ಲಸ್ 8ನೇ ಕಾಲಿಗೆ, ಉಳಿದ ಮೈನಸ್ 4ಕ್ಕೆ, ಎರಡೂ ಕಾಲಿನ ಪಕ್ಕದಲ್ಲೇ ಗ್ರೌಂಡಿಗೆ ಒಂದೊಂದು 104. ಸ್ವಿಚ್ಚು ಎರಡೂ ಬ್ಯಾಟರಿ ಒಟ್ಟಿಗೆ ಕಟ್ ಮಾಡೋ ಆರು ಕಾಲಿಂದು ಇರಲಿ.

ಆಮೇಲೆ ಸೌಂಡು. ಒಳಗೆ ಬರೋ ವೈರು 5ನೇ ಕಾಲಿಗೆ, ಅಲ್ಲಿಂದ ಗ್ರೌಂಡಿಗೆ 100ಕೆ, 6 ಮತ್ತೆ 7 ಸೇರಿಸಿಬಿಡ್ರಿ. 7ರಿಂದ ಒಂದು ಕೆಪಾಸಿಟರ್, ಅದರ ಬಾಲಕ್ಕೆ ಎರಡನೇದು, ಅದು ಹೋಗಿ 3ನೇ ಕಾಲಿಗೆ. 1 ಮತ್ತೆ 2 ಜಾಯಿಂಟ್. ಎರಡು ಕೆಪಾಸಿಟರ್ ನಡುವಿಂದ 1ನೇ ಕಾಲಿಗೆ ಒಂದು 15ಕೆ, 3ರಿಂದ ಗ್ರೌಂಡಿಗೆ ಎರಡು 15ಕೆ ಸಾಲಾಗಿ, ಅಂದ್ರೆ 30ಕೆ. ಔಟ್‌ಪುಟ್ 1ರಿಂದ 100 ಓಮ್ ಮೂಲಕ.

ಈ 15, 30ರ ಜಾಗ ಅದಲು ಬದಲು ಮಾಡ್ಬೇಡ್ರಿ. ನಾನು ಮಾಡಿದ್ದೆ! ಸೌಂಡೇನೋ ಬರ್ತೈತೆ, ಅದಕ್ಕೇ ಗೊತ್ತಾಗಲ್ಲ, ಆದ್ರೆ 150 ಹರ್ಟ್ಸೂ (ಸೆಕೆಂಡಿಗೆ 150 ಸಲ ಅದುರೋ ಸದ್ದು) ಮೂರರಲ್ಲಿ ಎರಡು ಪಾಲಿಗಿಂತ ಕೆಳಗಿಳಿದು ಗಂಡು ದನಿ ಸೊರಗಿ ಹೋಗ್ತೈತೆ, ಒಂದು ಸಂಜೆ ಪೂರ್ತಿ ಮೈಕಿಗೆ ಬೈದೆ.

ಸರಿಯಾಗಿ ಕಟ್ಟಿದ್ರೆ 75 ಹರ್ಟ್ಸಿಂದ ಕೆಳಗಿನದ್ದನ್ನ ಕಡೀತೈತೆ. ಚೆಕ್ ಮಾಡೋಕೆ ಫೋನಲ್ಲಿ ಟೋನ್ ಆಪ್ ಹಾಕಿ 300 ಹರ್ಟ್ಸ್ ಬಿಡ್ರಿ, ಔಟ್‌ಪುಟ್ಟಲ್ಲಿ 500 ಮಿಲಿವೋಲ್ಟ್ ಬಂತು ಅನ್ಕಳ್ರಿ, ಫೋನ್ ವಾಲ್ಯೂಮ್ ಮುಟ್ಟದೆ 75ಕ್ಕೆ ಇಳಿಸಿದ್ರೆ 350ರ ಹತ್ರ, 37ಕ್ಕೆ 120ರ ಹತ್ರ ಬರಬೇಕು. ಎಸಿ 200 ವೋಲ್ಟಿಂದ ಶುರುವಾಗೋ ಅಗ್ಗದ ಮೀಟರ್ ಇದಕ್ಕೆ ಆಗಲ್ಲ, ಮಿಲಿವೋಲ್ಟ್ ತೋರಿಸೋದು ಬೇಕು.

ಮೈಕನ್ನ ನೇರ ಇದಕ್ಕೆ ಚುಚ್ಚಬೇಡ್ರಿ, ಮಿಕ್ಸರ್ ಆಕ್ಸ್ ಔಟಿಂದ (ಹಾಡೋರಿಗೆ ಬೇರೆಯಾಗಿ ಸೌಂಡು ಕಳ್ಸೋ ತೂತು) ಇದಕ್ಕೆ, ಇದರಿಂದ ಹಾಡೋರ ಇಯರ್‌ಫೋನ್ ಆಂಪ್ಲಿಫೈಯರಿಗೆ. ಗ್ರೌಂಡ್ ಸರಿ ಇಲ್ಲದೆ ಬರೋ ಗುಂಯ್ ಸದ್ದಿಗೆ ಇದು ಮದ್ದಲ್ಲ, ಆ ಗುಂಯ್‌ನಲ್ಲಿರೋ 50 ಹರ್ಟ್ಸ್ ಅರ್ಧಕ್ಕಿಂತ ಕಮ್ಮಿ ಆಗ್ತೈತೆ ನಿಜ, 100ರದ್ದು ಹೆಚ್ಚುಕಮ್ಮಿ ಹಂಗೇ ಉಳೀತೈತೆ.

ಇನ್ನು ಅನಲಾಗ್ ಅಂದ್ರೆ ಲೇಟೇ ಇಲ್ಲ ಅಂತ ಅಂಗಡಿಯಾಗೆ ಯಾರಾದ್ರೂ ಹೇಳಿದ್ರೆ ಪೂರ್ತಿ ನಂಬಬೇಡ್ರಿ. ಇದೇ ಫಿಲ್ಟರಲ್ಲಿ 75 ಹರ್ಟ್ಸ್ ಹತ್ರ 3 ಮಿಲಿಸೆಕೆಂಡ್ ತಡ ಐತೆ, 1000 ಹರ್ಟ್ಸಲ್ಲಿ ಅದು 17 ಮೈಕ್ರೋಸೆಕೆಂಡ್, ಲೆಕ್ಕಕ್ಕೇ ಇಲ್ಲ. ಡಿಜಿಟಲ್ಲಲ್ಲಿ ಇದೇ ಕಡಿತ ಮಾಡಿದ್ರೆ ಈ ತಡ ಅಲ್ಲೂ ಇರ್ತೈತೆ, ಅದರ ಮೇಲೆ ಬಫರಿಂದು. ರೆಕಾರ್ಡಿಂಗ್ ಮಾಡಿ ಆಮೇಲೆ ಕುಂತು ಕ್ಲೀನ್ ಮಾಡೋದಾದ್ರೆ ಲ್ಯಾಪ್‌ಟಾಪೇ ವಾಸಿ, ಅಲ್ಲಿ 75 ಬ್ಯಾಡ 90 ಅಂದ್ರೆ ಮೌಸ್ ಎಳೆದ್ರೆ ಮುಗೀತು, ಇಲ್ಲಿ ಮತ್ತೆ ಸೋಲ್ಡರಿಂಗ್ ಕಡ್ಡಿ ಕಾಯಿಸ್ಬೇಕು.